ಡಬ್ಬಿಯ ದೇಶ ಬದಲಿಸಿದವಳು

ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನ ಅಂಚಿನ ಹಟ್ಟಿಯೊಂದರಲ್ಲಿ ಈಗ ಗೊಬ್ಬರದ ಚೀಲ ಪೇರಿಸಿಟ್ಟಿರುವ ಕೋಣೆಯಿದೆ. ಸ್ವಲ್ಪ ಹಿಂದಿನವರೆಗೂ ಅದು ಡಾಕ್ಟರ ಕೋಣೆಯಾಗಿತ್ತು. ಡಾಕ್ಟರು ಅಲ್ಲಿ ಇರುತ್ತಿರಲಿಲ್ಲ. ಚಳ್ಳಕೆರೆಯಲ್ಲಿ ಕೂತು ಇಲ್ಲಿನ ಪರದೆಯ ಮೇಲೆ ಕಾಣಿಸಿಕೊಳ್ಳುತ್ತಿದ್ದರು. ಕೋಣೆಯಲ್ಲಿ ಇದ್ದವಳು ಸ್ವಪ್ನ. ಬಿ.ಪಿ. ನೋಡುವುದು, ಬೆರಳು ಚುಚ್ಚಿ ಸಕ್ಕರೆ ಅಳೆಯುವುದು, ಗಾಯದ ಹತ್ತಿರ ಕ್ಯಾಮೆರಾ ಹಿಡಿಯುವುದು, ಡಾಕ್ಟರ ಮಾತನ್ನು ಹಟ್ಟಿಯ ಮಾತಿನಲ್ಲಿ ಬಿಡಿಸಿ ಹೇಳುವುದು ಅವಳ ಕೆಲಸ.

ಅವಳು ಕುರಿ ಕಾಯುವ ಮೂಡಲಗಿರಿಯಪ್ಪನ ಮಗಳು. ಹಡೆದವ್ವ ಹೆರಿಗೆಯಲ್ಲೇ ತೀರಿಹೋಗಿದ್ದರಿಂದ ಅವ್ವನ ಅಕ್ಕ ಯರ್ರಮ್ಮ ಅವಳನ್ನು ಸಾಕಿದಳು. ಹಟ್ಟಿಯಿಂದ ಟಾರು ರಸ್ತೆಯವರೆಗೆ ನಡೆದು, ಬಸ್ಸು ಹಿಡಿದು, ಚಳ್ಳಕೆರೆಯಲ್ಲಿ ಡಿಗ್ರಿ ಮುಗಿಸಿದಳು. ಪೇಟೆಯ ಒಂದು ಟ್ರಸ್ಟಿನವರು ಹಳ್ಳಿಗಳಲ್ಲಿ ಇಂಥ ಕೋಣೆಗಳನ್ನು ತೆರೆದಾಗ ಅವಳಿಗೆ ಕೆಲಸ ಸಿಕ್ಕಿತು. ಹಟ್ಟಿಯ ಹೆಂಗಸರು ಗಂಡಸು ಡಾಕ್ಟರ ಮುಂದೆ ಬಾಯಿ ಬಿಡುವವರಲ್ಲ. ಬಾಗಿಲು ಹಾಕಿಸಿ, ಕ್ಯಾಮೆರಾ ಗೋಡೆಯ ಕಡೆ ತಿರುಗಿಸಿ, ಸ್ವಪ್ನಳ ಕಿವಿಯಲ್ಲಿ ಹೇಳುತ್ತಿದ್ದರು. ಅವಳು ಅದನ್ನು ಪರದೆಗೆ ಹೇಳುತ್ತಿದ್ದಳು.

ಕೋಣೆಯ ಮಾಳಿಗೆಯ ಮೇಲೊಂದು ಬಿಳಿ ತಟ್ಟೆ, ಅದರ ಬೆನ್ನಿಗೆ ಅಂಗೈಯಗಲದ ಒಂದು ಡಬ್ಬಿ. ದೂರದ ಓವರ್‌ಹೆಡ್ ಟ್ಯಾಂಕಿನ ಮೇಲೆ ಅದರದೇ ಜೋಡಿ. ತಂತಿಯಿಲ್ಲದೆ ಇಂಟರ್ನೆಟ್ ಅಲ್ಲಿಂದ ಇಲ್ಲಿಗೆ ಬರುತ್ತಿತ್ತು. ಹಟ್ಟಿಯಲ್ಲಿ ಮೊಬೈಲಿನ ಸಿಗ್ನಲ್ ಸಿಗಬೇಕಾದರೆ ಕೆರೆಕಟ್ಟೆಯ ಏರಿ ಹತ್ತಬೇಕು, ಹಾಗಾಗಿ ಆ ಡಬ್ಬಿಯೇ ಗತಿ. ಅದನ್ನು ಹಾಕಿಸಿದ ಗುತ್ತಿಗೆದಾರ ಓಂಕಾರಮೂರ್ತಿ, ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಸಾವ್ಕಾರ. ಮೆತ್ತಗಿನ ಮಾತಿನವನು.

ಮೊದಲ ತಿಂಗಳಿಂದಲೇ ಡಬ್ಬಿ ಕೈಕೊಡತೊಡಗಿತು. ಡಾಕ್ಟರು ಪ್ರಶ್ನೆ ಕೇಳುತ್ತಿದ್ದಂತೆ ಅವರ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ಮತ್ತೆ ಬರುವಷ್ಟರಲ್ಲಿ ಅವರು ಬೇರೆ ಊರಿನ ಕೋಣೆಗೆ ಹೋಗಿರುತ್ತಿದ್ದರು. ಸ್ವಪ್ನ ಏರಿ ಹತ್ತಿ ಫೋನು ಮಾಡಿದರೆ ಓಂಕಾರಮೂರ್ತಿಯದು ಒಂದೇ ಮಾತು.

“ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ, ಸರಿಹೋಗ್ತೈತೆ.”

ಆ ದಿನಗಳಲ್ಲೇ ಯರ್ರಮ್ಮನ ಕಾಲಿನ ಹೆಬ್ಬೆರಳಿಗೆ ಜಾಲಿಮುಳ್ಳು ಹೊಕ್ಕು ಗಾಯವಾಯಿತು. ಸಕ್ಕರೆ ಕಾಯಿಲೆಯ ಮೈ. ಸ್ವಪ್ನ ಅವಳನ್ನು ಕೂರಿಸಿ, ಗಾಯಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕ್ಯಾಮೆರಾ ಬಗ್ಗಿಸಿದಳು. ಪರದೆ ನಿಂತಿತು. ಕಾದರು. ಬರಲಿಲ್ಲ. ಮುಂದಿನ ಸಲವೂ ಹಾಗೆಯೇ ಆಯಿತು.

“ನಿನ್ ಡಾಕ್ಟ್ರಿಗೆ ನನ್ ಕಾಲು ನೋಡಾಕೆ ಹೇಸಿಗೆ ಕಣೆ” ಎಂದು ಯರ್ರಮ್ಮ ನಕ್ಕಳು. ಆಮೇಲೆ, ಚಳ್ಳಕೆರೆಗೆ ಹೋಗೋಣ ಎಂದರೂ ಕೇಳದೆ, ಅರಿಶಿನ, ಸೊಪ್ಪಿನ ರಸ ಹಚ್ಚಿಕೊಂಡು ಮನೆಯಲ್ಲೇ ಉಳಿದಳು.

ಸ್ವಪ್ನ ಹಟ ಹಿಡಿದ ಮೇಲೆ ಓಂಕಾರಮೂರ್ತಿ ತನ್ನ ಕೆಲಸದವನಾದ ಗಂಗರಾಜುವನ್ನು ಕಳಿಸಿದ. ಅವನು ಲ್ಯಾಪ್‌ಟಾಪ್ ತೆರೆದು ನೋಡಿ ತಲೆ ಕೆರೆದುಕೊಂಡ.

“ಡಬ್ಬಿ ಕೆಟ್ಟಿಲ್ಲ ಕಣಕ್ಕ. ಕಾನೂನು ಪಾಲಿಸ್ತಾ ಐತೆ.”

“ಏನ್ ಕಾನೂನು?”

“ಇದು ಮಾತಾಡೋ ಚಾನೆಲ್‌ನಾಗೇ ರಾಡಾರೂ ಮಾತಾಡ್ತೈತೆ. ಕಾವಲಿನ ಬೇಲಿ ಆಚೆ ಪರೀಕ್ಷೆಗೆ ಅಂತ ವಿಮಾನ ಹಾರಿಸ್ತಾರಲ್ಲ, ಅವಾಗ. ರಾಡಾರ್ ಸದ್ದು ಕಿವಿಗೆ ಬಿದ್ರೆ ಡಬ್ಬಿ ಬಾಯಿ ಮುಚ್ಕಂಡು ಆ ಚಾನೆಲ್ ಬಿಟ್ಟು ಹೋಗ್ಬೇಕು. ಹೋದ ಕಡೆನೂ ಮೊದ್ಲು ಸುಮ್ನೆ ಕೇಳಿಸ್ಕೊಂಡು ಆಮೇಲೇ ಮಾತಾಡ್ಬೇಕು. ಅಲ್ಲೂ ರಾಡಾರ್ ಸಿಕ್ರೆ ಮತ್ತೆ ಬ್ಯಾರೆ ಕಡೆ.”

“ರಾಡಾರ್ ಕಾಟ ಇಲ್ದಿರೋ ಚಾನೆಲ್ಲೇ ಇಲ್ವಾ?”

“ಅವೆ. ನಮ್ ದೇಶದಾಗೆ ಯಾರ್ ಬೇಕಾದ್ರೂ ಬಳಸ್ಲಿ ಅಂತ ಬಿಟ್ಟವ್ರೆ. ಆದ್ರೆ ಈ ಡಬ್ಬಿ ಅಲ್ಲಿಗೆ ಹೋಗಲ್ಲ. ಬ್ಯಾರೆ ದೇಶಕ್ಕೆ ಅಂತ ಮಾಡಿದ ಹಳೇ ಮಾಲು ಇದು. ಹೊಸಾವು ತರ್ಸಿ ಅಂತ ಸಾವ್ಕಾರ್ರಿಗೆ ನಾನೂ ಹೇಳೀನಿ.”

ಸ್ವಪ್ನ ಅಂಗಡಿಗೇ ಹೋದಳು. ಓಂಕಾರಮೂರ್ತಿ ಕುರ್ಚಿ ಕೊಟ್ಟು ಟೀ ತರಿಸಿದ. ಎಲ್ಲವನ್ನೂ ಕೇಳಿಸಿಕೊಂಡು, “ಮುಂದಿನ ಟೆಂಡರ್‌ನಾಗೆ ನೋಡಾಣಮ್ಮ” ಎಂದ. ಟ್ರಸ್ಟಿನ ಕಾರ್ಯದರ್ಶಿ ಸುಲೋಚನಮ್ಮನಿಗೆ ಹೇಳಿದರೆ, “ಟೆಕ್ನಿಕಲ್ ವಿಷಯ ಎಲ್ಲ ಓಂಕಾರಮೂರ್ತಿಯವರದು, ನಮಗೆ ಗೊತ್ತಾಗಲ್ಲ” ಎಂದರು.

ಯರ್ರಮ್ಮನ ಬೆರಳು ಕಪ್ಪಾಯಿತು, ಆಮೇಲೆ ಪಾದ. ದಾವಣಗೆರೆಗೆ ಒಯ್ದಾಗ ಮೊಣಕಾಲಿನ ಕೆಳಗೆ ಕಾಲು ಕತ್ತರಿಸಿ ತೆಗೆದರು. ಮೊದಲೇ ತೋರಿಸಿದ್ದರೆ ಬೆರಳಿನಲ್ಲೇ ಮುಗಿಯುತ್ತಿತ್ತು ಎಂದು ಅಲ್ಲಿನ ವೈದ್ಯರು ಗದರಿದರು. ತೋರಿಸಿದ್ದೆವು ಎಂದು ಸ್ವಪ್ನ ಹೇಳಹೋಗಲಿಲ್ಲ.

ವಾಪಸು ಬಂದವಳೇ ಗಂಗರಾಜುವನ್ನು ಕರೆಸಿದಳು.

“ಇದರ ಕಿವಿ ಮುಚ್ಚೋಕೆ ಆಗಲ್ವಾ?”

ಗಂಗರಾಜು ಬಾಗಿಲ ಕಡೆ ನೋಡಿದ. “ಆಗ್ತೈತೆ. ಸೆಟ್ಟಿಂಗ್‌ನಾಗೆ ದೇಶ ಅಂತ ಒಂದೈತೆ. ನಮ್ ದೇಶ ಆರಿಸಿದ್ರೂ ಆ ಬಿಟ್ಟಿರೋ ಚಾನೆಲ್ ಈ ಹಳೇ ಡಬ್ಬಿಗೆ ಬರಲ್ಲ. ಈ ರಾಡಾರ್ ಕಾನೂನು ಇಲ್ಲದ ದೇಶ ಆರಿಸ್ಬಿಟ್ರೆ, ತಾನು ಅಲ್ಲೇ ಇದೀನಿ ಅಂದ್ಕಂಡು ಯಾವ ರಾಡಾರ್‌ಗೂ ಕಾಯಲ್ಲ.”

“ತಪ್ಪಲ್ವಾ?”

“ತಪ್ಪೇ. ಆದ್ರೆ ಯಾರಿಗೆ ಗೊತ್ತಾಗ್ತೈತೆ ಈ ಹಟ್ಟಿಯಾಗೆ?”

ಪಾಸ್‌ವರ್ಡ್ ಹೇಳಿದ. ಎಲ್ಲಿ ಹೋಗಬೇಕು, ಯಾವುದನ್ನು ಆರಿಸಬೇಕು ತೋರಿಸಿದ. ಲ್ಯಾಪ್‌ಟಾಪನ್ನು ಮಾತ್ರ ಅವಳ ಕಡೆ ತಿರುಗಿಸಿ ಕೈಕಟ್ಟಿ ನಿಂತ. “ನೀನೇ ಒತ್ತಕ್ಕ.” ಅವಳು ಒತ್ತಿದಳು. ಸಮುದ್ರದ ನಡುವೆ ಎಲ್ಲೋ ಇರುವ, ಹೆಸರು ಕೇಳಿರದ ಒಂದು ದೇಶ. ಹಟ್ಟಿಯ ಡಬ್ಬಿ, ಟ್ಯಾಂಕಿನ ಡಬ್ಬಿ ಎರಡೂ ಆ ದೇಶಕ್ಕೆ ಹೋದವು.

ಅಲ್ಲಿಂದ ಮುಂದೆ ಸುಮಾರು ಒಂದು ವರ್ಷ ಕೋಣೆ ನಿಜವಾಗಿಯೂ ಆಸ್ಪತ್ರೆಯಂತೆ ನಡೆಯಿತು. ಮಾತು ನಡುವೆ ತುಂಡಾಗಲಿಲ್ಲ. ಪಕ್ಕದ ಹಟ್ಟಿಗಳಿಂದ ಜನ ಬಂದರು. ಪಾತಮ್ಮ ಎಂಬ ಬಾಣಂತಿಯ ಜ್ವರ ಸಾಮಾನ್ಯದ್ದಲ್ಲ ಎಂದು ಡಾಕ್ಟರು ಅಲ್ಲೇ ಗುರುತಿಸಿ, ಆಂಬುಲೆನ್ಸಿಗೆ ತಾವೇ ಫೋನು ಮಾಡಿದ್ದರಿಂದ ಅವಳು ಬದುಕಿದಳು. ಪಾತಮ್ಮನ ಅತ್ತೆ ಸ್ವಪ್ನಳ ಮನೆಗೆ ಒಂದು ಕುರಿಮರಿ ತಂದು ಕಟ್ಟಿ ಹೋದಳು. ಸ್ವಪ್ನಳಿಗೆ ಒಮ್ಮೊಮ್ಮೆ ಎದೆ ಅಳುಕುತ್ತಿತ್ತು. ಎದುರಿನ ಬೆಂಚಿನಲ್ಲಿ ಕಾದು ಕೂತವರನ್ನು ನೋಡಿದಾಗ ಆ ಅಳುಕು ಮರೆತುಹೋಗುತ್ತಿತ್ತು.

ಬೇಸಿಗೆಯ ಒಂದು ಬೆಳಿಗ್ಗೆ, ನೆತ್ತಿಯ ಮೇಲೆ ಆಂಟೆನಾ ಹೊತ್ತ ವ್ಯಾನೊಂದು ಹಟ್ಟಿಗೆ ಬಂದು ನೇರ ಕೋಣೆಯ ಮುಂದೆ ನಿಂತಿತು. ಇಳಿದ ವೈರ್‌ಲೆಸ್ ಇಲಾಖೆಯ ಅಧಿಕಾರಿ ಮಾಳಿಗೆ ನೋಡಿದರು, ಲ್ಯಾಪ್‌ಟಾಪ್ ನೋಡಿದರು. ಕೂಗಾಡಲಿಲ್ಲ.

“ರಾಡಾರ್ ಪರದೆಯ ಮೇಲೆ ಈ ದಿಕ್ಕಿನಿಂದ ಒಂದು ಗೆರೆ ಬರ್ತಾ ಇತ್ತಮ್ಮ. ಆ ಗೆರೆಯ ಹಿಂದೆ ಏನು ಹಾರ್ತಾ ಇದೆ ಅಂತ ರಾಡಾರ್ ನೋಡೋರಿಗೆ ಕಾಣ್ತಾ ಇರಲಿಲ್ಲ. ವಿಮಾನ ಅಡ್ಡ ಬಂದಿದ್ರೆ ಏನಾಗ್ತಿತ್ತು, ಗೊತ್ತಾ? ಇದನ್ನು ಬದಲಾಯಿಸಿದ್ದು ಯಾರು?”

ಹೇಳಿಕೆ ಕೊಡಲು ಕಚೇರಿಗೆ ಬರಬೇಕೆಂದು ಅವಳಿಗೆ ಚೀಟಿ ಬರೆದುಕೊಟ್ಟರು. ಡಬ್ಬಿ ಬಿಚ್ಚಿ, ಸೀಲು ಹಾಕಿ ಒಯ್ದರು.

ಮೂಡಲಗಿರಿಯಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡು, ವ್ಯಾನು ಹೋದ ದಾರಿಯನ್ನೇ ನೋಡುತ್ತ ನಿಂತಿದ್ದ. ಕುರಿ ಮೇಯುತ್ತಿದ್ದ ಕಾವಲಿಗೆ ಬೇಲಿ ಬಿದ್ದ ವರ್ಷ ಅರ್ಧ ಕುರಿ ಮಾರಿದವನು ಅವನು.

“ಹುಲ್ಲಿಗೆ ಬೇಲಿ ಹಾಕಿದ್ರು. ಈಗ ಗಾಳಿಗೂ ಹಾಕವ್ರಾ?”

“ಹಂಗಲ್ಲಪ್ಪ” ಎಂದಳು ಸ್ವಪ್ನ ಸಿಡುಕಿನಿಂದ. “ಅವ್ರು ಹೇಳಿದ್ದು ಸರೀನೇ ಐತೆ.” ಅವಳನ್ನು ಹೆಚ್ಚು ಸುಟ್ಟದ್ದು ಅದೇ. ಕಾನೂನೇ ಕೆಟ್ಟದ್ದಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮರುದಿನ ಗಂಗರಾಜು ಕೋಣೆಗೆ ಬಂದ. ಹೊಸ್ತಿಲಾಚೆಯೇ ನಿಂತ. ಕಣ್ಣು ಕೆಂಪಾಗಿದ್ದವು.

“ನನ್ ಹೆಸ್ರು ತರ್ಬೇಡಕ್ಕ. ಹೆಂಡ್ತಿಗೆ ಏಳು ತಿಂಗ್ಳು. ಕೆಲ್ಸ ಹೋದ್ರೆ ಬೀದಿಗೆ ಬೀಳ್ತೀವಿ. ನಿಂಗೆ ಹೆಚ್ಚಂದ್ರೆ ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ, ನೀನು ಹೆಣ್ಮಗಳು, ಜನಕ್ಕೋಸ್ಕರ ಮಾಡಿದ್ದು.”

ಏಳು ತಿಂಗಳೆಂದಾಗ ಸ್ವಪ್ನಳಿಗೆ ತನ್ನ ಹಡೆದವ್ವ ನೆನಪಾದಳೋ ಏನೋ, ಆಗಲಿ ಎಂದಳು. ಅಧಿಕಾರಿಯ ಕಚೇರಿಯಲ್ಲಿಯೂ ಟ್ರಸ್ಟಿನಲ್ಲಿಯೂ, “ನಾನೊಬ್ಳೇ ಮಾಡಿದ್ದು, ಯಾರೂ ಹೇಳ್ಕೊಟ್ಟಿಲ್ಲ” ಎಂದಳು.

ಮುಂದಿನ ವಾರ ಟ್ರಸ್ಟಿನವರು ವಿಚಾರಣೆಗೆ ಕೂತರು. ಸುಲೋಚನಮ್ಮನ ಬಲಗಡೆ ಓಂಕಾರಮೂರ್ತಿ, ಅವನ ಹಿಂದೆ ಗಂಗರಾಜು. ಹೊಸ ಅಂಗಿ ಹಾಕಿಕೊಂಡಿದ್ದ. ಸುಲೋಚನಮ್ಮ ಕೇಳಿದ ಕೂಡಲೇ, ಹೇಳಿಕೊಟ್ಟ ಪಾಠ ಒಪ್ಪಿಸುವಂತೆ ಒಪ್ಪಿಸಿದ.

“ಆ ಸೆಟ್ಟಿಂಗ್ ಮುಟ್ಬಾರ್ದು ಅಂತ ನಾನು ಎಷ್ಟೋ ಸಲ ಹೇಳಿದ್ದೆ ಮೇಡಂ. ಪಾಸ್‌ವರ್ಡು ನಾನು ಹೊಡೀವಾಗ ಹಿಂದೆ ನಿಂತು ನೋಡ್ಕಂಡವ್ಳೆ. ನಾನು ಅದಕ್ಕೆ ಕೈಯೇ ಹಚ್ಚಿಲ್ಲ.”

ಸ್ವಪ್ನ ಅವನನ್ನೇ ನೋಡಿದಳು. ಅವನು ಓಂಕಾರಮೂರ್ತಿಯ ಬೆನ್ನನ್ನು ನೋಡುತ್ತಿದ್ದ. ಕೈ ಹಚ್ಚಿಲ್ಲ ಎಂಬುದೊಂದು ನಿಜ. ಅಂದು ಕೈಕಟ್ಟಿ ನಿಂತದ್ದು ಏಕೆಂದು ಅವಳಿಗೆ ಆಗ ಹೊಳೆಯಿತು.

“ಗಂಗರಾಜು, ನೀನೇ ಅಲ್ವಾ ನಂಗೆ ತೋರಿಸಿದ್ದು?” ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಹಳೇ ಮಾಲಿನ ಡಬ್ಬಿ, ಮುಂದಿನ ಟೆಂಡರಿನ ಮಾತು, ಯರ್ರಮ್ಮನ ಕಾಲು.

ಸುಲೋಚನಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೋದ ವಾರ ಒಬ್ಬಳೇ ಮಾಡಿದೆ ಅಂದೆ. ಈಗ ಇವನು ಹೇಳಿಕೊಟ್ಟ ಅಂತೀಯ. ನಾವು ಯಾವುದನ್ನ ನಂಬಬೇಕಮ್ಮ?”

“ಹೋಗ್ಲಿ ಬಿಡ್ರಿ ಮೇಡಂ” ಎಂದ ಓಂಕಾರಮೂರ್ತಿ ಮೆತ್ತಗೆ. “ಪಾಪ, ಹೆದರ್ಕಂಡೈತೆ ಹುಡುಗಿ. ಕೇಸು ಗೀಸು ಬೇಡ. ಕೆಲ್ಸದಿಂದ ತೆಗೆದ್ರೆ ಸಾಕು.”

ಅವನ ಔದಾರ್ಯವನ್ನು ಎಲ್ಲರೂ ಮೆಚ್ಚಿಕೊಂಡರು.

ಹಟ್ಟಿಯ ಕೋಣೆಯನ್ನು ಮುಚ್ಚಿದರು. ಜನ ಮೊದಮೊದಲು ಟ್ರಸ್ಟನ್ನು ಬೈದರು, ಬರಬರುತ್ತ ಸ್ವಪ್ನಳನ್ನು. ನೀರು ಹಿಡಿಯುವಲ್ಲಿ ಪಾತಮ್ಮನ ಅತ್ತೆಯೇ ಹೇಳಿದಳು: “ನೀನು ಅದನ್ನ ಮುಟ್ದೇ ಇದ್ದಿದ್ರೆ ಅಷ್ಟೋ ಇಷ್ಟೋ ಡಾಕ್ಟ್ರು ಕಾಣ್ತಿದ್ರು. ಈಗ ಅದೂ ಇಲ್ಲ.” ಸ್ವಪ್ನ ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದಳು. ಈಗ ಅವಳು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಕಡಲೆಬೀಜ ಆರಿಸುತ್ತಾಳೆ. ಸುಳ್ಳು ಹೇಳಿ ಕೆಲಸ ಕಳೆದುಕೊಂಡವಳು ಎಂಬ ಮಾತು ಹರಡಿದ್ದರಿಂದ ಬೇರೆ ಕಚೇರಿಗಳಲ್ಲಿ ಸೇರಿಸಿಕೊಳ್ಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಟಾರು ರಸ್ತೆಯ ಪಕ್ಕದ ಊರಿನಲ್ಲಿ ಟ್ರಸ್ಟಿನವರು ಹೊಸ ಕೋಣೆ ತೆರೆದರು. ಗುತ್ತಿಗೆ ಓಂಕಾರಮೂರ್ತಿಗೇ ಸಿಕ್ಕಿತು. ಈ ಸಲ ಹೊಸ ಡಬ್ಬಿಗಳು, ನಮ್ಮ ದೇಶದಲ್ಲೇ ಬಿಟ್ಟಿರುವ, ರಾಡಾರಿಗೆ ಕಾಯಬೇಕಿಲ್ಲದ ಚಾನೆಲ್ಲು. ಹಾಕಲು ಒಂದು ಮಧ್ಯಾಹ್ನ ಸಾಕಾಯಿತಂತೆ. ಕೋಣೆ ನೋಡಿಕೊಳ್ಳಲು ಗಂಗರಾಜುವನ್ನೇ ಇಟ್ಟರು.

ಯರ್ರಮ್ಮನ ಮಾತ್ರೆ ಮುಗಿದಿದ್ದವು. ಮಿಲ್ಲಿಗೆ ರಜೆಯಿದ್ದ ದಿನ ಸ್ವಪ್ನ ಅವಳನ್ನು ಆಟೋದಲ್ಲಿ ಅಲ್ಲಿಗೆ ಕರೆದೊಯ್ದಳು. ಹತ್ತಿರ ಬೇರೆ ದಾರಿಯಿರಲಿಲ್ಲ. ಗಂಗರಾಜು ಹೊರಗೆ ಬಂದವನು ಅವಳನ್ನು ಕಂಡು ಒಂದು ಗಳಿಗೆ ನಿಂತ. ಆಮೇಲೆ ಏನೂ ಆಗಿಲ್ಲವೆಂಬಂತೆ ಯರ್ರಮ್ಮನ ಕಂಕುಳಿಗೆ ಕೈಕೊಟ್ಟು ಜೋಪಾನವಾಗಿ ಇಳಿಸಿಕೊಂಡ.

“ಒಳಗೆ ಬಾರಕ್ಕ. ಇಲ್ಲಿ ಒಂದ್ಸಲನೂ ಕಟ್ ಆಗಿಲ್ಲ.”

“ಇಲ್ಲೇ ಇರ್ತೀನಿ” ಎಂದಳು ಅವಳು.

ಒಳಗೆ ಡಾಕ್ಟರು ಎಲ್ಲವನ್ನೂ ನಿಧಾನವಾಗಿ ಕೇಳಿದರು. ಮಾತ್ರೆ ಬದಲಿಸಿದರು. ಗಂಗರಾಜು ಊರುಗೋಲು ಹಿಡಿದ ಯರ್ರಮ್ಮನನ್ನು ಮತ್ತೆ ಆಟೋದವರೆಗೆ ನಡೆಸಿಕೊಂಡು ಬಂದು, ಸೆರಗು ಚಕ್ರಕ್ಕೆ ಸಿಕ್ಕದಂತೆ ಒಳಗೆ ಸರಿಸಿ ಹೋದ. ವಿಚಾರಣೆ ಪೇಟೆಯಲ್ಲಿ ನಡೆದಿತ್ತು. ಅವನು ಯಾರೆಂದು ಯರ್ರಮ್ಮನಿಗೆ ಸ್ವಪ್ನ ಹೇಳಿರಲಿಲ್ಲ.

“ಒಳ್ಳೇ ಹುಡುಗ ಕಣೆ” ಎಂದಳು ಯರ್ರಮ್ಮ. “ಎಷ್ಟು ಚೆಂದಾಗಿ ಮಾತಾಡಿಸ್ದ. ಮಗು ಹುಟ್ಟೈತಂತೆ, ಹೆಣ್ಣು.”

ಸ್ವಪ್ನ ಮಾತ್ರೆಯ ಚೀಟಿ ಮಡಚಿಟ್ಟುಕೊಂಡು, ಹೊರಡಣ್ಣ ಎಂದು ಆಟೋದವನಿಗೆ ಹೇಳಿದಳು.