ಏಳನೆಯ ಪ್ರಶ್ನೆ ಓದಿ ಸುಮ್ಮನಾಗುತ್ತಿದ್ದವರು

ಆರೋಗ್ಯ ವಿಮೆಯ ಕ್ಷೇತ್ರದಲ್ಲಿ ಪಾಲಿಸಿ ಮಾರಿದವರು ಅಸಂಖ್ಯರು. ಮಾರುವ ಮುನ್ನ ಅದನ್ನು ಅಕ್ಷರ ಬಿಡದೆ ಗ್ರಾಹಕರಿಗೆ ಓದಿ ಹೇಳಿದವರು ವಿರಳ. ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಶಾಖೆಯ ಹಿರಿಯ ಅಧಿಕಾರಿಗಳು ಆ ವಿರಳರ ಸಾಲಿಗೆ ಸೇರಿದವರು. ಮೂವತ್ತನಾಲ್ಕು ವರ್ಷಗಳ ಹಿಂದೆ ಗುಮಾಸ್ತರಾಗಿ ಸೇರಿದ ವಾರದಲ್ಲೇ, ಓದದೆ ರುಜು ಹಾಕಿ ಹೋಗುವವರನ್ನು ಕಂಡು ಅವರಿಗೆ ಕಸಿವಿಸಿಯಾಯಿತಂತೆ. ಅಂದಿನಿಂದ ಅರ್ಜಿಯನ್ನೂ ಷರತ್ತುಗಳನ್ನೂ, ಪದ್ಯ ಓದುವವರು ಯತಿಯಲ್ಲಿ ನಿಲ್ಲುವಂತೆ ನಿಂತು ನಿಂತು, ಗಟ್ಟಿಯಾಗಿ ಓದತೊಡಗಿದರು. ‘ಪಾರಾಯಣ ಸಾರ್’ ಎಂಬ ಹೆಸರು ಅಂಟಿದ್ದು ಹಾಗೆ. ಊಟಕ್ಕೆ ಕಾದು ಕೂತ ಸಹೋದ್ಯೋಗಿಗಳು, “ಸಾರ್, ಮಂಗಳ ಎಷ್ಟು ಹೊತ್ತಿಗೆ?” ಎಂದು ಛೇಡಿಸಿದರೆ, “ನಿಮ್ಮ ಡಬ್ಬಿ ಆರಿದ ಮೇಲೆ” ಎಂದು ಪುಟ ಮಗುಚುತ್ತಿದ್ದರು.

ಅರ್ಜಿಯ ಏಳನೆಯ ಪ್ರಶ್ನೆ ಈಗಾಗಲೇ ಇರುವ ಕಾಯಿಲೆಗಳದು. ಅದನ್ನು ಓದಿದೊಡನೆ ಅವರು ಪೆನ್ನು ಕೆಳಗಿಟ್ಟು ಸುಮ್ಮನಾಗುತ್ತಿದ್ದರು. ಎಂಟು ವರ್ಷಗಳ ಹಿಂದೆ, ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿಯೊಂದಿಗೆ ಬಂದ ಕ್ಷೌರಿಕರೊಬ್ಬರ ಮುಂದೆಯೂ ಹಾಗೆಯೇ ಸುಮ್ಮನಾದರು.

“ಎಲ್ರೂ ಗಟ್ಟಿಮುಟ್ಟಾಗಿದ್ದೀವಿ ಸಾರ್. ಬರ್ಕೊಳ್ಳಿ.”

ಪೆನ್ನು ಅಲುಗಲಿಲ್ಲ. ತಾಯಿಯೇ ಮಗನತ್ತ ತಿರುಗಿದರು. “ಏನೋ, ನನ್ನ ಸಕ್ಕರೆ ಕಾಯಿಲೆ ಯಾವಾಗ ವಾಸಿಯಾಯ್ತು? ನನಗೇ ಹೇಳ್ಲಿಲ್ವಲ್ಲೋ.”

ಅದನ್ನು ಬರೆದುಕೊಂಡಾಗ ವರ್ಷದ ಕಂತು ಹೆಚ್ಚುಕಡಿಮೆ ಎರಡರಷ್ಟಾಯಿತು. “ನಿಜ ಹೇಳಿದ್ದಕ್ಕೆ ದಂಡ” ಎಂದು ಮಗ ಎದ್ದರು. “ನನ್ನ ಬಿಟ್ಟು ಉಳಿದೋರಿಗೆ ಮಾಡ್ಸಪ್ಪ” ಎಂದರು ತಾಯಿ.

ಆ ಮಾತು ಪಾರಾಯಣ ಸಾರ್ ಅವರ ಎದೆಗೆ ನಾಟಿತು. ಕಾಯಿಲೆ ಇರುವವರೇ ಹೊರಗುಳಿದರೆ ತಾವು ಓದಿದ್ದಾದರೂ ಯಾರಿಗಾಗಿ? “ತಾಯಿ, ನಿಮ್ಮನ್ನ ಬಿಟ್ಟು ಬರೆಯೋಕೆ ಮನಸ್ಸು ಒಪ್ಪಲ್ಲ. ನಾಲ್ಕು ದಿನ ಕೊಡಿ.”

ಐದನೆಯ ದಿನ ಅವರೇ ಕ್ಷೌರದಂಗಡಿಗೆ ಹೋಗಿ ಬೆಂಚಿನ ಮೇಲೆ ಕುಳಿತು ಓದಿದರು: ನಾಲ್ವರಿಗೆ ಒಂದು ಪಾಲಿಸಿ, ತಾಯಿಗೆ ಬೇರೆ, ಚಿಕ್ಕದು, ಪ್ರತಿ ಬಿಲ್ಲಿನ ಐದರಲ್ಲೊಂದು ಪಾಲು ಮನೆಯವರೇ ಭರಿಸಿ ಕಂತು ತಗ್ಗಿಸಿಕೊಳ್ಳುವಂಥದು, ಎರಡಕ್ಕೂ ಮೂರು ತಿಂಗಳಿಗೊಮ್ಮೆ ಕಂತು. “ಸಕ್ಕರೆ ಕಾಯಿಲೆಗೆ ಮೊದಲ ಮೂರು ವರ್ಷ ಏನೂ ಸಿಗಲ್ಲ. ಇದನ್ನ ಮರೀಬೇಡಿ” ಎಂದು ಓದು ನಿಲ್ಲಿಸಿದಾಗ, ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿ, “ಮುಂದೆ ಓದಿ ಸಾರ್, ನಮ್ಮನೇಲೂ ಒಬ್ರಿದ್ದಾರೆ” ಎಂದರಂತೆ.

ಐದನೆಯ ವರ್ಷ ತಾಯಿಯ ಪಾದದ ಗಾಯ ಕೀವುಗಟ್ಟಿ ಶಸ್ತ್ರಚಿಕಿತ್ಸೆಯಾಯಿತು. ವಿಮೆಯ ಹಣ ಕೇಳಿದಾಗ ತನಿಖೆಗೆ ಬಂದವರು ಹಳೆಯ ಅರ್ಜಿ ತೆಗೆದು ನೋಡಿದರೆ ಸಕ್ಕರೆ ಕಾಯಿಲೆ ಏಳನೆಯ ಪ್ರಶ್ನೆಯ ಕೆಳಗೆ ದುಂಡಗೆ ಬರೆದಿತ್ತು. ಐದರಲ್ಲಿ ನಾಲ್ಕು ಪಾಲು ಸಂದಾಯವಾಯಿತು, ಪಾದ ಉಳಿಯಿತು.

ನಿವೃತ್ತಿಯೊಂದಿಗೆ ಕಚೇರಿ ನೀಡುತ್ತಿದ್ದ ವಿಮೆಯೂ ಮುಗಿಯುತ್ತದೆ. ಹೋದ ವಾರ ಪಾರಾಯಣ ಸಾರ್ ತಮ್ಮ ಮೇಜಿನ ಈಚೆ, ಗ್ರಾಹಕರು ಕೂರುವ ಬದಿ ಕುಳಿತರು. ಅವರಿಂದಲೇ ಹೀಗೆ ಓದುವುದನ್ನು ಕಲಿತ ಪಕ್ಕದ ಮೇಜಿನ ಸಹೋದ್ಯೋಗಿ ಮಹಿಳೆ ಅವರ ಅರ್ಜಿಯನ್ನು ಗಟ್ಟಿಯಾಗಿ ಓದಿ, ಏಳನೆಯ ಪ್ರಶ್ನೆಗೆ ಪೆನ್ನು ಕೆಳಗಿಟ್ಟರು. ಅರವತ್ತರ ವಯಸ್ಸಿಗೆ ಕಂತು ಎಷ್ಟೆಂಬುದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಪಿಂಚಣಿ ಎಷ್ಟೆಂಬುದೂ ಗೊತ್ತಿತ್ತು. ಎರಡನ್ನೂ ಮನಸ್ಸಿನಲ್ಲೇ ಕೂಡಿಸಿ ಕಳೆಯತೊಡಗಿದರು. ನವೀಕರಣಕ್ಕೆಂದು ಬಂದು ಹಿಂದಿನ ಬೆಂಚಿನಲ್ಲಿದ್ದ ಕ್ಷೌರಿಕರ ತಾಯಿ ಕೆಮ್ಮಿದರು.

“ಹೇಳ್ಬಿಡಪ್ಪ. ಕಂತು ಜಾಸ್ತಿಯಾಗುತ್ತೆ, ನಿಜ. ಇಲ್ನೋಡು, ನನ್ನ ಕಾಲು ಇದೆ.”

ಪಾರಾಯಣ ಸಾರ್ ನಕ್ಕರು. “ರಕ್ತದೊತ್ತಡ, ಒಂಬತ್ತು ವರ್ಷದಿಂದ. ಬರ್ಕೊಳ್ಳಮ್ಮ. ಐದರಲ್ಲೊಂದು ಪಾಲು ನಾನೇ ಕಟ್ಕೋತೀನಿ, ಅದನ್ನೂ ಬರಿ.”

ಇನ್ನು ವಾರಕ್ಕೆರಡು ದಿನ ಆ ಕ್ಷೌರದಂಗಡಿಯ ಬೆಂಚಿನಲ್ಲೇ ಕುಳಿತು, ಬಂದವರಿಗೆಲ್ಲ ಪಾಲಿಸಿ ಓದಿ ಹೇಳುವರಂತೆ. ಭಗವಂತ ಅವರಿಗೆ ದೀರ್ಘಾಯುಸ್ಸನ್ನೂ ಆ ಕಂಠಕ್ಕೆ ಕಸುವನ್ನೂ ಕೊಡಲಿ. ಅವರ ಪಾಲಿಸಿ ವರ್ಷವರ್ಷವೂ ತಪ್ಪದೆ ನವೀಕರಣವಾಗಲಿ, ಬಳಸುವ ಪ್ರಸಂಗ ಮಾತ್ರ ಒಮ್ಮೆಯೂ ಬಾರದಿರಲಿ.