ಕೈ ಬಿಗಿಯ ಶಾಹೀನ

ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಕೂಡ ಶಾಹೀನಳ ಮುಂದೆ ದಾನಶೂರರು. ಹಾಗಂತ ಊಟ, ಚಹಾದಲ್ಲಿ ಅವಳು ಜಿಪುಣಿಯಲ್ಲ ಬಿಡಿ. ರಕ್ತ ತೆಗೆಯುವುದರಲ್ಲಿ ಮಾತ್ರ. ವಾಸ್ಕೋದ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಹದಿನಾರು ವರ್ಷದಿಂದ ಸೂಜಿ ಹಿಡಿದಿರುವ ಈ ವಿಜಯಪುರದ ಹೆಂಗಸು, ಮಕ್ಕಳಿಗೆಂದೇ ಬರುವ ಪುಟ್ಟ ಟ್ಯೂಬನ್ನು ಗೀಟಿನವರೆಗೆ ತುಂಬಿದಳೆಂದರೆ ಮುಗಿಯಿತು. ಮೇಲೆ ಒಂದು ಹನಿ ಕೇಳಿದರೆ ಲ್ಯಾಬಿನವರೊಡನೆ ಜಗಳಕ್ಕೇ ನಿಲ್ಲುತ್ತಾಳೆ.

ಈಚೆಗೆ ಅವಳಿಗೇ ಗಂಟುಬಿದ್ದವಳು ಯಲ್ಲವ್ವ. ಗಂಡ ಬಂದರಿನಲ್ಲಿ ಕೂಲಿ. ದಿನ ತುಂಬದೆ ಹುಟ್ಟಿದ ಒಂದೂವರೆ ಕಿಲೋದ ಹೆಣ್ಣುಕೂಸು ಗಾಜಿನ ಪೆಟ್ಟಿಗೆಯಲ್ಲಿ. ಕೂಸಿನ ಮೈಯಲ್ಲಿ ರಕ್ತ ಕಡಿಮೆಯಾಗುತ್ತಿತ್ತು. ಇನ್ನಷ್ಟು ಇಳಿದರೆ ಬೇರೆಯವರ ರಕ್ತ ಏರಿಸಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಆದರೂ ಪರೀಕ್ಷೆ ಬಿಡುವಂತಿರಲಿಲ್ಲ. ಶಾಹೀನ ಎಂದಿನಂತೆ ಗೀಟು ಮುಟ್ಟಿದ್ದೇ ಸೂಜಿ ತೆಗೆದು, ಹತ್ತಿ ಒತ್ತಿದಳು. ಯಲ್ಲವ್ವ ಅಡ್ಡ ನಿಂತಳು.

"ತುಂಬಸ್ರಿ ಅಕ್ಕಾರ! ನನ್ನ ರಕ್ತ ಅಷ್ಟುದ್ದ ಶೀಸೆ ತುಂಬಾ ತಗೊಂಡ್ರಿ, ನನ್ನ ಕೂಸಿಗೆ ಇಷ್ಟ ಯಾಕ? ಬಡವರ ಕೂಸಂತ ಅರ್ಧಾ ತಪಾಸಣಿ ಮಾಡ್ತೀರೇನು?"

ರೇಷನ್ ಅಂಗಡಿಯ ತಕ್ಕಡಿಯಲ್ಲಿ, ಮೇಸ್ತ್ರಿಯ ಹಾಜರಿಯಲ್ಲಿ ಸದಾ ಕಡಿಮೆಯನ್ನೇ ಕಂಡವಳು, ಪಾಪ. ಇಲ್ಲೂ ಮೋಸವೇ ಎಂದುಕೊಂಡಳು. ಶಾಹೀನಳ ಸಿಟ್ಟು ನೆತ್ತಿಗೇರಿತು. ಆಮೇಲೆ ಕರುಳು ಚುರ್ ಎಂದಿತು. ಅವಳನ್ನು ಹೊರಗೆ ಕೂರಿಸಿ ಚಹಾ ತರಿಸಿದಳು.

"ಈ ಗ್ಲಾಸ್ ನೋಡವ್ವಾ. ನಿನ್ನ ಮಗಳ ಮೈಯಾಗಿನ ರಕ್ತ ಎಲ್ಲಾ ಕೂಡಿಸಿದ್ರ ಇಷ್ಟ. ದಿನಾ ಶೀಸೆ ತುಂಬಾ ತಗದ್ರ ಕೂಸಿಗೆ ಏನ್ ಉಳೀತೈತಿ? ಮಷೀನಿಗೆ ನಾಕ ಹನಿ ಸಾಕು. ತಪಾಸಣಿ ಪೂರಾನ ಆಗ್ತೈತಿ, ಖರೇ ಹೇಳ್ತೀನಿ."

ಯಲ್ಲವ್ವ ಚಹಾ ಕುಡಿಯಲೇ ಇಲ್ಲ. ಗ್ಲಾಸನ್ನು ನೋಡುತ್ತ ಗಳಗಳನೆ ಅತ್ತಳು.

ಮರುದಿನ ಬೆಳಿಗ್ಗೆ ಪರೀಕ್ಷೆಗೆಂದು ಕೂಸಿನ ರಕ್ತ ತೆಗೆದಾಗಿತ್ತು. ಮಧ್ಯಾಹ್ನ ಡಾಕ್ಟರು ಇನ್ನೊಂದು ಪರೀಕ್ಷೆ ಬರೆದರು. ಶಾಹೀನ ಸೂಜಿ ಹಿಡಿದು ಬಂದರೆ ಬಾಗಿಲಲ್ಲಿ ಯಲ್ಲವ್ವ, ಸೊಂಟದ ಮೇಲೆ ಕೈ.

"ಮುಂಜಾನೆ ತಗೊಂಡಿದ್ದು ಉಳದಿರಬೇಕಲ್ರೀ? ಮೊದಲ ಅದನ್ನ ನೋಡ್ಕೊಂಡ ಬರ್ರಿ."

ಹದಿನಾರು ವರ್ಷದ ಅನುಭವಸ್ಥೆಗೆ ನಿನ್ನೆ ಮೊನ್ನೆಯ ಬಾಣಂತಿ ಪಾಠ ಹೇಳುವುದೇ! ಗೊಣಗುತ್ತಲೇ ಶಾಹೀನ ಲ್ಯಾಬಿಗೆ ಇಳಿದಳು. ಬೆಳಗಿನ ಟ್ಯೂಬಿನ ತಳದಲ್ಲಿ ನಾಲ್ಕು ಹನಿ ಇತ್ತು. ಸಾಕಾಯಿತು. ಕೂಸಿಗೆ ಮತ್ತೆ ಸೂಜಿ ಚುಚ್ಚಲಿಲ್ಲ. ಆ ವಾರ ರಕ್ತ ಏರಿಸುವ ಮಾತೂ ಬರಲಿಲ್ಲ. ಈಗ ಶಾಹೀನ ಆ ಬಾಗಿಲಿಗೆ ಹೋಗುವ ಮುಂಚೆ, ಯಲ್ಲವ್ವನಿಗೆ ಹೆದರಿ, ಲ್ಯಾಬಿನಲ್ಲಿ ಉಳಿದದ್ದನ್ನು ನೋಡಿಯೇ ಹೋಗುತ್ತಾಳೆ.