ಸೀಡಿಯೊಳಗೆ ಬ್ಯಾಡಗಿ

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಮದುವೆ ವಿಡಿಯೋ ತೆಗೆಯುವ ಕಸುಬಿಗೆ ಬಿದ್ದದ್ದೂ ಅದಕ್ಕೇ ಇರಬೇಕು. ಅಲ್ಲಿ ಯಾರೂ ನಮ್ಮನ್ನು ಕೂರಿಸುವುದಿಲ್ಲ. ರಾಣೇಬೆನ್ನೂರಿನಲ್ಲಿ ಸಣ್ಣದೊಂದು ಸ್ಟುಡಿಯೋ, ಬ್ಯಾಡಗಿಯಲ್ಲಿ ಮನೆ. ನಡುವೆ ಮೋಟೆಬೆನ್ನೂರಿನಲ್ಲಿ ಬಸ್ಸು ಬದಲಿಸಲು ನಿಲ್ಲುವ ಹತ್ತು ನಿಮಿಷದಲ್ಲಿ ನಾಲ್ಕು ಸಲ ಗಡಿಯಾರ ನೋಡುವವನು ನಾನು. ಇಂಥವನು ಹೋದ ಚಳಿಗಾಲದಲ್ಲಿ ಎರಡು ತಿಂಗಳು ಕಂಪ್ಯೂಟರಿನ ಮುಂದೆ ಕುಳಿತೆನೆಂದರೆ ಅದಕ್ಕೆ ಕಾರಣ ಖಾಲಾ.

ಖಾಲಾ ನಮ್ಮ ಹಿಂದಿನ ಓಣಿಯವರು. ಖಾಲಾ ಎಂದರೆ ಚಿಕ್ಕಮ್ಮ; ಓಣಿಗೆ ಓಣಿಯೇ ಅವರನ್ನು ಹಾಗೆ ಕರೆಯುತ್ತದೆ, ನಾನೂ ಕರೆಯುತ್ತೇನೆ. ಅವರ ಯಜಮಾನರು ಒಮ್ಮೆ ಮುಂಬಯಿಯಿಂದ ಒಂದು ಗೇಮ್ ಪೆಟ್ಟಿಗೆ ತಂದಿದ್ದರು. ಟೀವಿಗೆ ಹಚ್ಚಿ, ಸೀಡಿ ಹಾಕಿ ಆಡುವಂಥದ್ದು. ಯಜಮಾನರು ತೀರಿಕೊಂಡ ಮೇಲೆ ಖಾಲಾ ಅದನ್ನು ಪಡಸಾಲೆಯಲ್ಲಿಟ್ಟು ಹುಡುಗರಿಗೆ ತಾಸಿನ ಲೆಕ್ಕದಲ್ಲಿ ಆಡಲು ಕೊಡುತ್ತಿದ್ದರು. ನಾವು ಮುಂದೆ ಕುಳಿತು ಕಾರು ಓಡಿಸುತ್ತಿದ್ದರೆ ಅವರು ಹಿಂದೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ತುಂಬು ಬಿಡಿಸುವುದು ಎನ್ನುತ್ತಾರೆ ನಮ್ಮಲ್ಲಿ. ವ್ಯಾಪಾರಸ್ಥರು ಚೀಲಗಟ್ಟಲೆ ಕಾಯಿ ಮನೆಗೆ ಕಳಿಸುತ್ತಾರೆ; ನಮ್ಮ ಓಣಿಯ ಹೆಂಗಸರ ಬೆರಳುಗಳು ಅದರಲ್ಲೇ ಸವೆದಿವೆ.

ಒಂದು ದಿನ ಖಾಲಾ ಕೇಳಿದರು: “ಏ ತಮ್ಮಾ, ಇದರಾಗ ಎಲ್ಲೆಲ್ಲಿ ಊರೋ ಬರತಾವು. ನಮ್ಮ ಬ್ಯಾಡಗಿ ಯಾಕ ಬರೂದಿಲ್ಲೋ?”

“ನಾ ದೊಡ್ಡಾಂವ ಆಗಿ ಮಾಡಿಕೊಡತೀನಿ ತಗೋರಿ ಖಾಲಾ,” ಎಂದೆ. ಹದಿನೈದರ ಬಾಯಿಗೆ ಬೀಗ ಎಲ್ಲಿಂದ ಬರಬೇಕು.

ಆಮೇಲೆ ಇಪ್ಪತ್ತೈದು ವರ್ಷ, ಎದುರಾದಾಗಲೆಲ್ಲ ಅದನ್ನೇ ಕೇಳಿದರು. ತಮಾಷೆಗೆ ಕೇಳುತ್ತಿದ್ದವರು ಹೋದ ದೀಪಾವಳಿ ಹೊತ್ತಿಗೆ, ಜೊತೆಗೆ ತುಂಬು ಬಿಡಿಸುತ್ತಿದ್ದ ನಾಲ್ಕು ಹೆಂಗಸರ ಎದುರು, ನಗದೆ ಕೇಳಿದರು: “ಮಾಡತೀಯೋ ಇಲ್ಲೋ, ಅಷ್ಟ ಹೇಳಿಬಿಡು. ನನಗೂ ವಯಸ್ಸಾತು, ಪೆಟಗಿಗೂ ವಯಸ್ಸಾತು.” ನನಗೆ ಮುಖ ಎತ್ತಲಾಗಲಿಲ್ಲ.

ಕಲಿತೆ. ಗೇಮ್ ಮಾಡುವುದನ್ನು ಫೋನಿನಲ್ಲಿ ನೋಡಿ, ಬೈದು, ಎದ್ದು, ಮತ್ತೆ ಕುಳಿತು ಕಲಿತೆ. ದೊಡ್ಡ ಗೇಮೇನಲ್ಲ, ಒಂದು ನಿಮಿಷದ ಡೆಮೊ. ಖಾಲಾ ಮನೆಯ ನೀಲಿ ಬಾಗಿಲು, ಮುಂದೆ ಹಾಸಿದ ಚೀಲ, ಮೇಲಿಂದ ಬೀಳುವ ಮೆಣಸಿನಕಾಯಿ. ಕಾಯಿ ಚೀಲ ಮುಟ್ಟುವುದರೊಳಗೆ ಗುಂಡಿ ಒತ್ತಿ ತುಂಬು ಬಿಡಿಸಬೇಕು. ಕಂಪ್ಯೂಟರಿನಲ್ಲಿ ಚೆಂದ ಓಡಿತು. ಇನ್ನು ಸೀಡಿಗೆ ಇಳಿಸಿ ಖಾಲಾ ಮನೆಯ ಪೆಟ್ಟಿಗೆಯಲ್ಲಿ ಓಡಿಸುವುದಷ್ಟೇ ಬಾಕಿ. ಶುಕ್ರವಾರ ತರುತ್ತೇನೆಂದು ಹೇಳಿಬಿಟ್ಟೆ. ಖಾಲಾ ಓಣಿಗೆಲ್ಲ ಹೇಳಿದರು: “ಶುಕ್ರವಾರ ನಮ್ಮೂರು ಟೀವಿಯೊಳಗ ಬರತೈತಿ, ಬರ್ರಿ.” ಈಗ ಮರ್ಯಾದೆ ನನ್ನದಷ್ಟೇ ಅಲ್ಲ, ಅವರದೂ ಆ ಡಿಸ್ಕಿನ ಮೇಲೆ ನಿಂತಿತು.

ಖಾಲಿ ಸೀಡಿ ಎಲ್ಲಿದೆ ಈ ಕಾಲದಲ್ಲಿ? ರಾಣೇಬೆನ್ನೂರು ಸುತ್ತಿದೆ, ಹಾವೇರಿಗೆ ಹೋದೆ. ಅಲ್ಲೊಬ್ಬ ಅಂಗಡಿಯಾತ, “ಈಗ ಯಾರ್ ಕೇಳತಾರ್ರಿ ಇದನ್ನ?” ಎನ್ನುತ್ತ ಧೂಳು ಒರೆಸಿ ಮೂರು ಕೊಟ್ಟ. ಅವನಲ್ಲಿದ್ದದ್ದೇ ಮೂರು.

ಆ ಪೆಟ್ಟಿಗೆ ನಾವು ರೈಟ್ ಮಾಡಿದ ಗೇಮಿನ ಸೀಡಿಯನ್ನು ನೇರವಾಗಿ ಒಪ್ಪುವುದಿಲ್ಲ. ಕಳ್ಳದಾರಿಯೊಂದಿದೆ. ಮೊದಲು ಹಾಡಿನ ತುಣುಕೊಂದನ್ನು ರೈಟ್ ಮಾಡಿ, ಡಿಸ್ಕನ್ನು ಕ್ಲೋಸ್ ಮಾಡದೆ, ಅಂದರೆ ಇನ್ನಷ್ಟು ತುಂಬಲು ಬರುವಂತೆ ತೆರೆದೇ ಬಿಡಬೇಕು. ಎರಡನೇ ಸಲಕ್ಕೆ ಅದೇ ಡಿಸ್ಕಿನಲ್ಲಿ ಗೇಮ್ ರೈಟ್ ಮಾಡಬೇಕು. ಹಾಡಿನ ಸೀಡಿ ಎಂದು ನಂಬಿ ಪೆಟ್ಟಿಗೆ ಗೇಮನ್ನೂ ಓದಿಬಿಡುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ನನ್ನ ಬೆರಳಿಗೆ ಗೊತ್ತಿರಲಿಲ್ಲ.

ಮದುವೆ ಸೀಡಿಗಳ ಕಾಲದಲ್ಲಿ ಕ್ಲೋಸ್ ಮಾಡದ ಡಿಸ್ಕು ಬೀಗರ ಮನೆಯ ಪ್ಲೇಯರಿನಲ್ಲಿ ಓಡುತ್ತಿರಲಿಲ್ಲ. ಓಡದಿದ್ದರೆ ಗಂಡಿನ ಕಡೆಯವರು ಸ್ಟುಡಿಯೋ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹಾಗಾಗಿ ಉಂಡ ಮೇಲೆ ಕೈ ತೊಳೆದಷ್ಟೇ ಸಹಜವಾಗಿ ನಾನು ಡಿಸ್ಕು ಕ್ಲೋಸ್ ಮಾಡುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಹಾಡಿನ ತುಣುಕು ಮುಗಿಯುತ್ತಲೇ ಬೆರಳು ತಾನೇ ಹೋಗಿ ಕ್ಲೋಸ್ ಒತ್ತಿತು. ಇನ್ನು ಇದರಲ್ಲಿ ಏನೂ ಹಿಡಿಯದು ಎಂದಿತು ಕಂಪ್ಯೂಟರು. ಒಂದು ಸೀಡಿ ಹೋಯಿತು. ಸಿಟ್ಟಿಗೆದ್ದು, ಎರಡನೆಯದಕ್ಕೆ ಹಾಡೂ ಬೇಡ ಏನೂ ಬೇಡವೆಂದು ಗೇಮೊಂದನ್ನೇ ತುಂಬಿ, ಕ್ಲೋಸ್ ಮಾಡಿ ಬಸ್ಸು ಹತ್ತಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮವ್ವ ಸುಮ್ಮನೆ ಅನ್ನುತ್ತಿರಲಿಲ್ಲ.

ನಮಾಜಿನ ಹೊತ್ತು ಮುಗಿದಿತ್ತು. ಪಡಸಾಲೆಯಲ್ಲಿ ಹೆಂಗಸರು ಕಾಯಿಯ ರಾಶಿ ಪಕ್ಕಕ್ಕೆ ಸರಿಸಿ ಕುಳಿತಿದ್ದರು. ಖಾಲಾ ಇಸ್ತ್ರಿಯ ಸೀರೆ ಉಟ್ಟಿದ್ದರು. ಡಿಸ್ಕು ತಿರುಗಿತು, ಕಿರುಗುಟ್ಟಿತು. ಗೇಮ್ ಓದಲಾಗದಾಗ ಪೆಟ್ಟಿಗೆ ತೋರಿಸುವ ಗಡಿಯಾರ ಟೀವಿಯಲ್ಲಿ ಬಂದು ನಿಂತಿತು, ಅಷ್ಟೇ.

“ಖಾಲಾ, ನಿಮ್ಮ ಬ್ಯಾಡಗಿ ಮೋಟೆಬೆನ್ನೂರ ಸ್ಟಾಪಿನ್ಯಾಗ ಉಳದೈತೇನ್ರಿ?” ಎಂದಳು ಒಬ್ಬಾಕೆ. ಎಲ್ಲರೂ ನಕ್ಕರು. ಖಾಲಾ ಬೈಯಲಿಲ್ಲ, ಸೆರಗು ಸರಿಮಾಡಿಕೊಂಡರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಎಷ್ಟೊತ್ತು ಬೇಕು?” ಎಂದರು.

“ಎರಡೂವರಿ ತಾಸು ಕೊಡ್ರಿ.”

“ಕೊಟ್ಟೇನಿ, ಹೋಗು. ಏ, ಯಾರೂ ಏಳಬ್ಯಾಡ್ರಿ, ಚಾ ಮಾಡತೀನಿ.”

ಮತ್ತೆ ಬಸ್ಸು, ಮತ್ತೆ ಮೋಟೆಬೆನ್ನೂರು. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದೆ. ಸ್ಟುಡಿಯೋದಲ್ಲಿ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಎಡಗೈಯಲ್ಲಿ ಮೌಸ್ ಹಿಡಿದೆ. ಹಾಡು ಮುಗಿಯಿತು, ಕ್ಲೋಸ್ ಮಾಡಲಿಲ್ಲ. ಗೇಮ್ ತುಂಬಿತು. ಇರುವುದೊಂದೇ ಡಿಸ್ಕು, ಇದೂ ಹೋದರೆ ಖಾಲಾ ಮುಂದೆ ಮತ್ತೆ ನಿಲ್ಲಲಾರೆ ಎಂದುಕೊಳ್ಳುತ್ತ ಬ್ಯಾಡಗಿಯ ಬಸ್ಸಿಗೆ ಓಡಿದೆ.

ಯಾರೂ ಎದ್ದಿರಲಿಲ್ಲ. ಡಿಸ್ಕು ತಿರುಗಿತು. ಟೀವಿ ಕಪ್ಪಾಯಿತು. ಆಮೇಲೆ ನೀಲಿ ಬಾಗಿಲು ಬಂತು.

“ಯಾ ಅಲ್ಲಾ, ನಮ್ಮ ಬಾಗಲಾ!” ಎಂದರು ಖಾಲಾ. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವುದಕ್ಕೂ ನಾಚಿಕೆಯಾಗಲಿಲ್ಲ. ಗೇಮ್ ಆಡುವ ಗುಂಡಿಗಳ ರಿಮೋಟನ್ನು ಅವರ ಕೈಗಿಟ್ಟೆ. ಇಷ್ಟು ವರ್ಷ ಊರ ಹುಡುಗರನ್ನೆಲ್ಲ ಆಡಿಸಿದವರು, ಅದನ್ನು ಕೈಯಲ್ಲಿ ಹಿಡಿದು ಆಡಿದ್ದು ಅವತ್ತೇ ಮೊದಲು. ಎರಡು ಕಾಯಿ ತಪ್ಪಿದವು, ಮೂರನೆಯದರಿಂದ ಒಂದೂ ತಪ್ಪಲಿಲ್ಲ. ಆಡುತ್ತ ಆಡುತ್ತ ಟೀವಿಯ ಹತ್ತಿರಕ್ಕೆ ಬಗ್ಗಿದರು.

“ತಮ್ಮಾ, ಇದು ಯಾವ ಕಾಯಿ?”

“ನಮ್ಮದ ರೀ. ಬ್ಯಾಡಗಿ ಕಾಯಿ.”

“ಅಲ್ಲ. ನಮ್ಮ ಕಾಯಿ ಮೈಯೆಲ್ಲಾ ಸುಕ್ಕ ಇರತೈತಿ. ಇದು ನೋಡು ಹೆಂಗ ನುಣ್ಣಗ ಮಿಂಚಾಕತ್ತೈತಿ. ಇದು ಗುಂಟೂರ ಕಾಯಿ.”

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಖಾಲಾ ಮಾತ್ರ ಕೈ ನಿಲ್ಲಿಸಲಿಲ್ಲ. “ನಗಬ್ಯಾಡ್ರಿ. ಗುಂಟೂರ್ದಾದ್ರೇನು, ಬಂದ ಕಾಯಿ ತುಂಬು ಬಿಡಸೂದ ಐತಿ,” ಎಂದರು. ಒಂದು ನಿಮಿಷ ಮುಗಿದು ಟೀವಿ ಕಪ್ಪಾದಾಗ, “ಮತ್ತ ಹಚ್ಚು,” ಎಂದರು.

ಹಚ್ಚಿದೆ. ಅವರು ಕೇಳಿದಷ್ಟು ಸಲವೂ ಹಚ್ಚಿದೆ. ಈ ಊರಲ್ಲಿ ಹುಟ್ಟಿ, ಈ ಕಾಯಿಯ ಘಾಟಿಗೆ ಕೆಮ್ಮುತ್ತಲೇ ಬೆಳೆದ ನಾನು, ಮೆಣಸಿನಕಾಯಿ ಹೇಗಿರುತ್ತದೆಂದು ಫೋನಿನಲ್ಲಿ ಹುಡುಕಿ ಚಿತ್ರ ಬರೆದಿದ್ದೆ. ಖಾಲಾಗೆ ಅದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.